ಊಟದ ಸಾಲಿನ ಕೊನೆಯವಳು

ನಿರ್ಮಾಪಕಿ ಅಂದರೆ ಏನು ಕೆಲಸ ಮಾಡ್ತಾಳೆ ಅಂತ ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ಶೂಟಿಂಗಿನಲ್ಲಿ ಯಾರ್ಯಾರು ಏನೇನು ಮಾಡುತ್ತಾರೆ ಅಂತ ಬೆರಳು ಮಡಚುತ್ತಾ ಹೋದೆ. ನಿರ್ದೇಶಕ ಕೂಗಾಡುತ್ತಾನೆ, ನಟಿ ಅಳುತ್ತಾಳೆ, ಕ್ಯಾಮೆರಾದವನು ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ನೋಡುತ್ತಾನೆ, ನಾನು ಲೈಟು ಹೊತ್ತು ತಂದು ನಿಲ್ಲಿಸುತ್ತೇನೆ. ನಮ್ಮ ನಿರ್ಮಾಪಕಿ ಅರ್ಲೀನ್ ಕೊವಾಚ್ ಮಾತ್ರ ಫೋನು ಹಿಡಿದು ಕೂತಿರುತ್ತಾಳೆ, ಇಲ್ಲವೇ ಎಲ್ಲರ ಹಿಂದೆ ಕೈಕಟ್ಟಿ ನಿಂತಿರುತ್ತಾಳೆ. ಅದೂ ಒಂದು ಕೆಲಸವಾ ಅಂತ ನನಗೂ ಅನಿಸುತ್ತಿತ್ತು. ಮೊಹಾವಿ ಮರುಭೂಮಿಯಲ್ಲಿ ಒಂದು ಮಧ್ಯಾಹ್ನ ಅವಳು ಖಾಲಿ ತಟ್ಟೆ ಹಿಡಿದುಕೊಂಡು ನಿಂತಿದ್ದನ್ನು ನೋಡಿದ ಮೇಲೆ ನನಗೆ ಉತ್ತರ ಸಿಕ್ಕಿತು. ಆ ಮಧ್ಯಾಹ್ನದ ಬಗ್ಗೆ ಪತ್ರಿಕೆಗಳಲ್ಲಿ ಬಂದಿದ್ದೆಲ್ಲ ಸುಳ್ಳು. ನಾನು ಅಲ್ಲೇ ಇದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಅರ್ಲೀನ್ ಒಹಾಯೋದ ಉಕ್ಕಿನ ಊರಿನವಳು. ಅಪ್ಪ ಕುಲುಮೆಯ ಮುಂದೆ ದುಡಿದೂ ದುಡಿದೂ ಹುಬ್ಬು ಸುಟ್ಟುಕೊಂಡವನು. ಅಮ್ಮ ಸ್ಲೋವಾಕಿಯಾದಿಂದ ಬಂದು ನೆಲೆಸಿದವರ ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಮೀನೂಟದ ಯಜಮಾನಿ. ಪಾಳಿ ಮುಗಿಸಿ ಬಂದ ಗಂಡಸರು, ಅವರ ಮಕ್ಕಳು, ಪಾದ್ರಿ, ಗಂಟೆ ಹೊಡೆಯುವ ಕುಡುಕ, ಎಲ್ಲರ ತಟ್ಟೆ ತುಂಬುವ ತನಕ ತಾಯಿ ಮಗಳು ಒಂದು ತುತ್ತು ಮುಟ್ಟುವ ಹಾಗಿರಲಿಲ್ಲ. "ಮೀನು ಮುಗಿದೋದ್ರೆ ನಮಗೇನು?" ಅಂತ ಹುಡುಗಿ ಕೇಳಿದರೆ, "ಆಲೂಗಡ್ಡೆ ಇರತ್ತೆ, ಸುಮ್ನೆ ನಿಂತ್ಕೋ" ಅನ್ನುತ್ತಿದ್ದಳಂತೆ ಅಮ್ಮ. ಮೀನು ಪ್ರತಿ ಶುಕ್ರವಾರವೂ ಮುಗಿಯುತ್ತಿತ್ತು. ಹಾಗಾಗಿ ಅರ್ಲೀನ್ ಬೆಳೆದದ್ದೇ ಆಲೂಗಡ್ಡೆ ತಿಂದು.

ಓದು ಮುಗಿದ ಮೇಲೆ ಬಸ್ಸು ಹತ್ತಿ ಲಾಸ್ ಏಂಜಲೀಸಿಗೆ ಬಂದಳು. ನಟಿ ಆಗೋಕೆ ಅಂದುಕೊಂಡಿರಾ? ಟೈಪಿಸ್ಟ್ ಆಗೋಕೆ. ಟೋಪನ್ ಕೂದಲು ಮಾರುವ ಅಂಗಡಿಯ ಮಹಡಿಯ ಮೇಲೆ ಒಂದು ಸಣ್ಣ ಕಂಪನಿ ಇತ್ತು. ಕಾರಿನಲ್ಲೇ ಕೂತು ನೋಡುವ ಬಯಲು ಟಾಕೀಸುಗಳಿಗೆ ಅಂತಲೇ ಅವರು ಸಿನಿಮಾ ತೆಗೆಯುತ್ತಿದ್ದರು. ಜೌಗಿನಿಂದ ಏಳುವ ಭೂತ, ಮೋಟರ್‌ಸೈಕಲ್ ಪುಂಡರು, ಅಂಥವೇ. ಒಂದು ಸಲ ಶೂಟಿಂಗು ಶುರುವಾಗುವ ಹೊತ್ತಿಗೆ ಸರಿಯಾಗಿ ಯಜಮಾನನಿಗೆ ಹೊಟ್ಟೆನೋವು ಬಂದು ಆಸ್ಪತ್ರೆ ಸೇರಿದ. ಆಪರೇಷನ್ ಮಾಡಿಸಿಕೊಂಡು, ಎಲ್ಲ ಹಾಳಾಗಿರುತ್ತದೆ ಅಂತ ಎದೆ ಹಿಡಿದುಕೊಂಡು ಬಂದರೆ ಸಿನಿಮಾ ಅರ್ಧ ಮುಗಿದಿತ್ತು. "ಯಾರು ನಡೆಸಿದ್ದು?" ಅಂತ ಕೇಳಿದ. ಎಲ್ಲರೂ ಟೈಪಿಸ್ಟ್ ಕಡೆ ಕೈ ತೋರಿಸಿದರು. ಅವಳು ಫೋನಿನಲ್ಲಿ ಮಂಜುಗಡ್ಡೆಯವನನ್ನು ಬಯ್ಯುತ್ತಿದ್ದಳು, ತಲೆ ಎತ್ತಿ ನೋಡಲೂ ಪುರಸೊತ್ತಿರಲಿಲ್ಲ.

ಅಲ್ಲಿಂದ ಅವಳೇ ನಿರ್ಮಾಪಕಿ. ನಾನು ಅವಳ ಹತ್ತಿರ ಲೈಟಿನ ಕೆಲಸಕ್ಕೆ ಸೇರಿದ್ದು ಒಂದು ಕ್ರಿಸ್‌ಮಸ್ ಸಿನಿಮಾಕ್ಕೆ. ಜುಲೈ ತಿಂಗಳು, ಟಾರು ಕರಗುವ ಬಿಸಿಲು, ಬೀದಿ ತುಂಬಾ ಹಿಮ ಬೇಕು. ಅರ್ಲೀನ್ ಮುಚ್ಚಿಹೋದ ಯಾವುದೋ ಶಾಲೆಯ ಅಡುಗೆಮನೆಯಿಂದ ಒಣಗಿಸಿದ ಆಲೂಗಡ್ಡೆ ಪುಡಿಯ ಮೂಟೆಗಳನ್ನು ತರಿಸಿ ಸುರಿಸಿದಳು. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ ನಮಗೇ ಚಳಿಯಾಯಿತು. ಅಷ್ಟರಲ್ಲಿ ಪಕ್ಕದ ಮನೆಯವನ ಹುಲ್ಲಿಗೆ ನೀರು ಬಿಡುವ ಯಂತ್ರ ತಾನಾಗಿಯೇ ಶುರುವಾಯಿತು ನೋಡಿ, ಬೀದಿಗೆ ಬೀದಿಯೇ ಬೇಯಿಸಿ ಹಿಸುಕಿದ ಆಲೂಗಡ್ಡೆ. ನಾಯಕ ಜಾರಿ ಬಿದ್ದ. ಅರ್ಲೀನ್ ನಡು ಬೀದಿಯಲ್ಲಿ ನಿಂತು ಬೂಟಿನ ತುದಿಯಿಂದ ಅದನ್ನು ಕೆದಕಿ, "ಉಪ್ಪು ಕಡಿಮೆ" ಅಂದಳು, ಅಷ್ಟೇ. ಆಮೇಲೆ ಸಲಿಕೆ ತಂದು ಅವಳೇ ಎಲ್ಲರಿಗಿಂತ ಮುಂಚೆ ಬಾಚೋಕೆ ಶುರು ಮಾಡಿದಳು. ಅವತ್ತೇ ನನಗೆ ಈ ಹೆಂಗಸನ್ನು ಬಿಟ್ಟು ಹೋಗಬಾರದು ಅನಿಸಿತು.

ಇನ್ನು ನಮ್ಮ ಊಟದ ಕಟ್ಟಳೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಶೂಟಿಂಗಿನಲ್ಲಿ ಊಟದ ಬಿಡುವು ಅರ್ಧ ಗಂಟೆ. ಆದರೆ ಆ ಅರ್ಧ ಗಂಟೆ ಲೆಕ್ಕಕ್ಕೆ ಬರುವುದು ಊಟ ಅಂತ ಕೂಗಿದಾಗಿನಿಂದಲ್ಲ, ಸಾಲಿನಲ್ಲಿ ಕೊನೆಗೆ ನಿಂತವರ ತಟ್ಟೆಗೆ ಊಟ ಬಿದ್ದಾಗಿನಿಂದ. ಸಹಾಯಕ ನಿರ್ದೇಶಕ ಗಡಿಯಾರ ನೋಡುತ್ತಾ ಸಾಲಿನ ಪಕ್ಕ ನಿಂತಿರುತ್ತಾನೆ. ಕೊನೆಯ ತಟ್ಟೆ ತುಂಬಿದ ಕೂಡಲೇ "ಕೊನೆಯವರಾಯ್ತು" ಅಂತ ಕೂಗುತ್ತಾನೆ. ಅಲ್ಲಿಂದ ಅರ್ಧ ಗಂಟೆ ನಮ್ಮದು, ನಿರ್ದೇಶಕನಪ್ಪ ಬಂದರೂ ಏಳಿಸುವ ಹಾಗಿಲ್ಲ. ಬೇರೆ ನಿರ್ಮಾಪಕರು ಈ ಸಾಲಿನ ಹತ್ತಿರವೂ ಸುಳಿಯುವುದಿಲ್ಲ, ತಮ್ಮ ಗಾಡಿಯೊಳಗೆ ತರಿಸಿಕೊಂಡು ತಿನ್ನುತ್ತಾರೆ. ಅರ್ಲೀನ್ ಸಾಲಿಗೆ ಬರುತ್ತಿದ್ದಳು, ಯಾವಾಗಲೂ ಎಲ್ಲರಿಗಿಂತ ಕೊನೆಗೆ. ಹೊತ್ತು ಹಾಳಾಗಬಾರದು ಅಂತ ಓಡೋಡಿ ಬಂದು, ಒಂದು ಆಲೂಗಡ್ಡೆ ಎತ್ತಿಕೊಂಡು ಹೋಗಿಬಿಡುತ್ತಿದ್ದಳು. ಅಡುಗೆಯ ಒಫೇಲಿಯಾಗೆ ಅದೇ ಕೋಪ. "ನನ್ನ ಅಡುಗೆ ಏನು ಕಚ್ಚುತ್ತಾ ನಿಂಗೆ?" ಅಂತ ಬಯ್ಯುತ್ತಿದ್ದಳು.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಬಯಲು ಟಾಕೀಸುಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಅರ್ಲೀನ್‌ಗೆ ಅದೇನು ತಲೆಗೆ ಹೊಕ್ಕಿತೋ, ಭೂತಪ್ರೇತ ಬಿಟ್ಟು ಒಬ್ಬ ಮುದುಕಿಯ ಕಥೆ ಹಿಡಿದಳು. ಮನೆ ಬಿಟ್ಟು ಹೋದ ಮಗಳು ಬಸ್ಸಿನಲ್ಲಿ ಬಂದೇ ಬರುತ್ತಾಳೆ ಅಂತ ಹೆದ್ದಾರಿಯ ಬದಿಯಲ್ಲಿ ಕಾಯುವ ತಾಯಿ. ದುಡ್ಡು ಹಾಕುವವರು ಯಾರೂ ಇರಲಿಲ್ಲ, ತನ್ನ ಮನೆಯನ್ನೇ ಅಡವಿಟ್ಟಳು. ಮುದುಕಿಯ ಪಾತ್ರಕ್ಕೆ ಇಮೋಜೀನ್ ಫಾಸ್‌ಳನ್ನು ಕರೆತಂದಳು. ನಮ್ಮ ಅಪ್ಪಂದಿರೆಲ್ಲ ಕನಸು ಕಂಡಿದ್ದ ನಟಿ, ಮರೆತೇ ಹೋಗಿದ್ದವಳು. ಶ್ವಾಸಕೋಶ ಕೆಟ್ಟಿತ್ತು. ಶೂಟಿಂಗಿನ ನಡುವೆ ನಟಿಗೆ ಏನಾದರೂ ಆದರೆ ನಷ್ಟ ತುಂಬಿಕೊಡುವ ವಿಮೆಯವರ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಆಗಲ್ಲ ಅಂತ ತಲೆಯಾಡಿಸಿಬಿಟ್ಟ. ಅರ್ಲೀನ್ ವಿಮೆ ಇಲ್ಲದೆಯೇ ಅವಳನ್ನು ಹಾಕಿಕೊಂಡಳು. ಹುಚ್ಚಲ್ಲದೆ ಇನ್ನೇನು.

ಮಿಸ್ ಫಾಸ್ ಮೊದಲ ದಿನವೇ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ದಳು. "ನನ್ನ ಎದೆ ಸರಿ ಇಲ್ಲ ಅಂತ ನಿಮಗೆಲ್ಲ ಗೊತ್ತು. ನನಗೋಸ್ಕರ ಕೆಲಸ ನಿಲ್ಲಿಸಿದ್ರಿ ಅಂತ ಗೊತ್ತಾಯ್ತೋ, ಆ ಕ್ಷಣ ನಾನು ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ." ಹೇಳಿದ ಹಾಗೆ ಮಾಡುವವಳೇ ಅಂತ ಆ ಮೂಗು ನೋಡಿದರೇ ಗೊತ್ತಾಗುತ್ತಿತ್ತು.

ನಿರ್ದೇಶಕ ರಾಯ್ಸ್ ಟ್ಯಾಂಡಿ. ಮೀಸೆ ಆಗತಾನೆ ದಪ್ಪವಾಗುತ್ತಿದ್ದ ಹುಡುಗ, ಕಾಲೇಜಿನಲ್ಲಿ ಸಿನಿಮಾ ಓದಿದವನು. ಬುದ್ಧಿವಂತ, ಸುಳ್ಳು ಹೇಳಬಾರದು. ಆದರೆ ಸೂರ್ಯ ತನ್ನ ಸಲುವಾಗಿಯೇ ಹುಟ್ಟುತ್ತಾನೆ ಅಂತ ತಿಳಿದಿದ್ದ.

ಕೊನೆಯ ದೃಶ್ಯ ಉಳಿದಿತ್ತು. ತಾಯಿ ಹೆದ್ದಾರಿಯ ತನಕ ನಡೆದುಹೋಗಿ ನಿಂತು ಮಗಳಿಗೆ ಹೇಳಬೇಕಾದ ಮಾತೆಲ್ಲ ಗಾಳಿಗೆ ಹೇಳುತ್ತಾಳೆ. ಆ ಜಾಗ ನಮಗೆ ಸಿಕ್ಕಿದ್ದು ಅವತ್ತಿನ ತನಕ ಮಾತ್ರ, ಮಾರನೇ ದಿನದಿಂದ ಇನ್ನೊಬ್ಬರದು. ಆ ದೃಶ್ಯ ಸಿಗದಿದ್ದರೆ ಸಿನಿಮಾ ಇಲ್ಲ, ಅರ್ಲೀನ್‌ಗೆ ಮನೆ ಇಲ್ಲ. ಮಿಸ್ ಫಾಸ್‌ಗಂತೂ ಇನ್ನೊಂದು ಸಿನಿಮಾ ಇರಲೇ ಇಲ್ಲ, ಅದು ಅವಳಿಗೂ ಗೊತ್ತಿತ್ತು.

ಬೆಳಗ್ಗೆಯಿಂದ ಮತ್ತೆ ಮತ್ತೆ ತೆಗೆದೆವು. ಅವಳು ನಡೆದು ಬಂದು ನಿಲ್ಲುವಷ್ಟರಲ್ಲೇ ಉಸಿರು ಕಟ್ಟುತ್ತಿತ್ತು, ಮಾತು ಮರೆಯುತ್ತಿತ್ತು. ಮರೆತಾಗ ತನ್ನ ತೊಡೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ನೋಡೋಕಾಗಲಿಲ್ಲ ನನಗೆ. ರಾಯ್ಸ್ ಊಟಕ್ಕೆ ಬಿಡುವಾಗ, "ಊಟ ಆದ್ಮೇಲೆ ಸೂರ್ಯ ಅವಳ ಬೆನ್ನ ಹಿಂದೆ ಬರ್ತಾನೆ. ಆ ಬಿಸಿಲೇ ನಂಗೆ ಬೇಕಿರೋದು. ಅರ್ಧ ಗಂಟೆಗಿಂತ ಒಂದು ಗಳಿಗೆ ಜಾಸ್ತಿ ಆಗಬಾರದು" ಅಂತ ಸಹಾಯಕ ನಿರ್ದೇಶಕ ಲೈಲ್‌ನನ್ನು ಎಚ್ಚರಿಸಿದ. ಲೈಲ್ ಗಡಿಯಾರ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡ.

ನಾವೆಲ್ಲ ತಟ್ಟೆ ತುಂಬಿಸಿಕೊಂಡು ಗಾಡಿಗಳ ನೆರಳಿಗೆ ಹೋದೆವು. ಮಿಸ್ ಫಾಸ್ ಮಡಚುವ ಕುರ್ಚಿಯಲ್ಲಿ ಕೂತು ಎರಡು ತುತ್ತು ತಿಂದಿರಬೇಕು, ಹಾಗೇ ನಿದ್ದೆ ಹೋದಳು. ಫೋರ್ಕು ಕೈಯಲ್ಲೇ ಇತ್ತು. ಸಾಲಿನ ಕೊನೆಯಲ್ಲಿ ಅರ್ಲೀನ್. ಅವಳು ಎಂದಿನಂತೆ ಓಡಿ ಬಂದಳು, ತಟ್ಟೆ ಎತ್ತಿಕೊಂಡಳು, ಆಲೂಗಡ್ಡೆಗೆ ಕೈ ಹಾಕಿದಳು. ಆಗ ಕುರ್ಚಿಯ ಕಡೆ ನೋಡಿದಳು. ಕೈ ಹಿಂದಕ್ಕೆ ಬಂತು.

"ಒಫೇಲಿಯಾ, ಈ ಸಾರಲ್ಲಿ ಏನಿದೆ?" ಅಂದಳು.

ಒಫೇಲಿಯಾ ಅವಳ ಮುಖವನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಅರ್ಲೀನ್ ಯಾವತ್ತೂ ಸಾರಿನ ವಿಚಾರ ಎತ್ತಿದವಳಲ್ಲ. "ಗೋಮಾಂಸ, ಈರುಳ್ಳಿ."

"ಮತ್ತೆ?"

"ಮತ್ತೆ ಏನು, ನೀರು."

"ಹೂಂ." ಮುಚ್ಚಳ ಮುಚ್ಚಿದಳು. ಇನ್ನೊಂದು ತೆರೆದಳು. ಕ್ಯಾರೆಟ್ಟು. ಅದನ್ನೂ ಮುಚ್ಚಿದಳು. ಬೀನ್ಸು ತೆರೆದಳು. ಹೆಣ್ಣು ನೋಡೋಕೆ ಬಂದವರ ಹಾಗೆ ಅದನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದಳು. ಕೈ ಕೊಳೆಯಾಗಿದೆ ಅಂತ ನೀರಿನ ಡ್ರಮ್ಮಿನ ತನಕ ಹೋಗಿ ತೊಳೆದು ಬಂದಳು. ಬಂದು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಲೈಲ್ ಗಡಿಯಾರ ಹಿಡಿದುಕೊಂಡು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ನಾವು ತಿಂದು ಮುಗಿಸಿದ್ದೆವು. ಅರ್ಧ ಗಂಟೆ ಮಾತ್ರ ಇನ್ನೂ ಶುರುವೇ ಆಗಿರಲಿಲ್ಲ.

ರಾಯ್ಸ್ ಬಂದ. "ಪ್ಲೇಟಿಗೆ ಏನಾದ್ರೂ ಹಾಕ್ಕೋತೀಯಾ ಇಲ್ವಾ?"

"ಹಾಕ್ಕೋತೀನಪ್ಪ. ಏನು ಹಾಕ್ಕೊಳ್ಳೋದು ಅಂತ ನೋಡ್ತಿದೀನಿ."

"ಇರೋದೇ ನಾಲ್ಕು ಪಾತ್ರೆ."

"ಅದಕ್ಕೇ ಕಷ್ಟ ಆಗ್ತಿರೋದು."

"ಬಿಸಿಲು ಇಳೀತಿದೆ ಅರ್ಲೀನ್, ಕಾಣ್ತಿಲ್ವಾ?"

"ಕಾಣತ್ತೆ. ದಿನಾ ಇಳಿಯತ್ತೆ."

ಅವನು ಕೂಗೋಕೆ ಬಾಯಿ ತೆಗೆದ. ಅರ್ಲೀನ್ ಗದ್ದದಿಂದಲೇ ಕುರ್ಚಿಯ ಕಡೆ ತೋರಿಸಿದಳು. ರಾಯ್ಸ್ ದನಿ ತಗ್ಗಿಸಲೇಬೇಕಾಯಿತು. ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ, "ನಾಳೆ ಈ ಜಾಗ ನಮ್ಮದಲ್ಲ. ಇವತ್ತು ಆಗದಿದ್ರೆ ನಿನ್ನ ಮನೆ ಹೋಗತ್ತೆ, ಗೊತ್ತಾ?"

"ನನ್ನ ಮನೆ ನಂಗೆ ಗೊತ್ತಿರಲ್ವಾ?" ಅಂದಳು ಅವಳೂ ಪಿಸುಮಾತಿನಲ್ಲೇ. "ಹೋಗು, ಅವಳನ್ನ ಎಬ್ಬಿಸು. ಬೆಳಗಿಂದ ಏನು ಸಿಕ್ತೋ ಅದೇ ಸಿಗತ್ತೆ. ನಿದ್ದೆ ಆಗ್ಲಿ ಅಂತ ಕಾದ್ವಿ ಅಂದ್ರೆ ಎದ್ದು ಮನೆಗೆ ಹೋಗ್ತಾಳೆ. ಈಗ ಯಾರೂ ಯಾರಿಗೂ ಕಾಯ್ತಿಲ್ಲ, ನಾನು ಊಟಕ್ಕೆ ನಿಂತಿದೀನಿ. ಅಷ್ಟೇ."

"ನೀನು ನನ್ನ ಸಿನಿಮಾ ಕೊಲ್ತಿದೀಯ."

"ಒಫೇಲಿಯಾ, ಆ ಬೀನ್ಸು ಇನ್ನೊಂದ್ಸಲ ತೋರಿಸಮ್ಮ."

ರಾಯ್ಸ್ ಟೋಪಿ ಕಿತ್ತು ಮರಳಿಗೆ ಎಸೆದು ಕ್ಯಾಮೆರಾದ ಹತ್ತಿರ ಹೋಗಿ ಕೂತ. ಆಗ ನಮಗೆಲ್ಲ ಅರ್ಥವಾಗಿತ್ತು. ತಟ್ಟೆ ಕೆಳಗಿಡುವಾಗಲೂ ಸದ್ದು ಮಾಡದೆ ಇಟ್ಟೆವು. ಒಫೇಲಿಯಾ ಕ್ಯಾರೆಟ್ಟು ಆರಿದೆ ಅಂತ ಮತ್ತೆ ಒಲೆಯ ಮೇಲಿಟ್ಟಳು, ಅದು ಬಿಸಿಯಾಗುವ ತನಕ ಅರ್ಲೀನ್ ಕಾದಳು. ಹೊತ್ತೆಂದರೆ ದುಡ್ಡು, ಅದನ್ನು ಹಿಡಿಹಿಡಿದು ಬಳಸುವುದೇ ಅವಳ ಕಸುಬು. ಅಂಥವಳು ತನ್ನ ಮನೆಯನ್ನೇ ಪಣಕ್ಕಿಟ್ಟು, ಸೂರ್ಯ ಬೆಟ್ಟದ ಕಡೆ ಸರಿಯುವುದನ್ನು ನೋಡುತ್ತಾ, ಖಾಲಿ ತಟ್ಟೆ ಹಿಡಿದು ನಿಂತಿದ್ದಳು. ಎರಡು ಮುಚ್ಚಳಗಳ ನಡುವೆ, ಸೂರ್ಯನಿಗೂ ಬೆಟ್ಟಕ್ಕೂ ಎಷ್ಟು ಬೆರಳಿನ ಅಂತರ ಉಳಿದಿದೆ ಅಂತ ಕದ್ದು ಅಳೆಯುತ್ತಿದ್ದಳು. ಅದು ಕಂಡಿದ್ದು ನನಗೂ ಒಫೇಲಿಯಾಗೂ ಮಾತ್ರ. ಹೆದರಿಕೆ ಇಲ್ಲದವಳಲ್ಲ ಅವಳು, ಹೆದರಿಕೊಂಡೇ ನಿಂತಿದ್ದಳು. ನಾನು ಸಿನಿಮಾದಲ್ಲಿ ಎಷ್ಟೋ ಶೂರರಿಗೆ ಬೆಳಕು ಹಿಡಿದವನು. ನಿಜವಾದ ಧೈರ್ಯ ಅಂದರೆ ಹೇಗಿರುತ್ತೆ ಅಂತ ನೋಡಿದ್ದು ಅವತ್ತು.

ಬಿಸಿಲು ಹಳದಿಯಾಗಿ, ಕೆಂಪಾಗಿ, ಬೆಟ್ಟದಂಚಿಗೆ ಬಂದ ಮೇಲೆ ಮಿಸ್ ಫಾಸ್ ಕಣ್ಣು ಬಿಟ್ಟಳು. ಮುಖಕ್ಕೆ ಕಳೆ ಬಂದಿತ್ತು. ಸುತ್ತಲೂ ನೋಡಿದಳು. "ಇನ್ನೂ ಊಟ ಆಗಿಲ್ವಾ ನಿಮ್ದು?"

"ನಂದೇ ಲೇಟು ಮಿಸ್ ಫಾಸ್," ಅಂದಳು ಅರ್ಲೀನ್. "ಕ್ಯಾರೆಟ್ಟು ಹಾಕ್ಕೊಳ್ಳೋದೋ ಬೀನ್ಸೋ ಗೊತ್ತಾಗ್ತಿಲ್ಲ."

"ಅಯ್ಯೋ ದೇವ್ರೇ, ಇಂಥವಳ ಕೈಗೆ ಸಿನಿಮಾ ಕೊಟ್ಟಿದಾರಲ್ಲ," ಅಂದಳು ಮುದುಕಿ. "ಒಂದು ಆಲೂಗಡ್ಡೆ ತಗೊಂಡು ನಡಿಯಮ್ಮ ತಾಯಿ."

ಅರ್ಲೀನ್ ಒಂದು ಆಲೂಗಡ್ಡೆ ತಗೊಂಡಳು. "ಕೊನೆಯವರಾಯ್ತು" ಅಂತ ಲೈಲ್ ಕೂಗಿದ. ಆ ಅರ್ಧ ಗಂಟೆಯನ್ನು ನಾವ್ಯಾರೂ ಕೇಳಲಿಲ್ಲ, ಎಲ್ಲರೂ ಎದ್ದು ಕೆಲಸಕ್ಕೆ ಓಡಿದೆವು.

ಸೂರ್ಯ ಹೋಗಿಯೇ ಬಿಟ್ಟಿದ್ದ. "ಮರ್ವ್, ಲೈಟು ಹಾಕು, ಇರೋದೆಲ್ಲ ಹಾಕು" ಅಂತ ರಾಯ್ಸ್ ನನ್ನ ಮೇಲೆ ಎಗರಾಡಿದ. ಸ್ವಿಚ್ಚಿನ ಮೇಲೆ ಕೈ ಇಟ್ಟವನು ಮಿಸ್ ಫಾಸ್ ಕಡೆ ನೋಡಿದೆ. ಆಕಾಶ ಒಂದೇ ಸಮನೆ ಹೊಳೆಯುತ್ತಿತ್ತು, ನೆಲದ ಮೇಲೆ ಯಾವುದರ ನೆರಳೂ ಇರಲಿಲ್ಲ. ಆ ಮುಖದ ಒಂದೊಂದು ಗೆರೆಯೂ ಒಳಗಿನಿಂದ ಬೆಳಗಿದ ಹಾಗಿತ್ತು. ಜೀವಮಾನವೆಲ್ಲ ಲೈಟು ಹೊತ್ತರೂ ಅಂಥ ಬೆಳಕು ನಾನು ಮಾಡಲಾರೆ. ಜನರೇಟರ್ ಆರಿಸಿ ಅಂದುಬಿಟ್ಟೆ. ಅದು ನಿಂತ ಕೂಡಲೇ ಮರುಭೂಮಿ ಎಷ್ಟು ಮೌನವಾಯಿತೆಂದರೆ, ಅವಳ ಉಸಿರು ಕೇಳಿಸಿತು.

ಅವಳು ನಡೆದಳು. ಬೆಳಗ್ಗೆ ನಮಗೆ ಅಡ್ಡಿಯಾಗಿದ್ದ ಅದೇ ಉಸಿರು ಈಗ ಮಾತಿನ ಜೊತೆ ಜೊತೆಯಲ್ಲೇ ಬರುತ್ತಿತ್ತು. ಬರೆದ ಮಾತಿನಲ್ಲಿ ಅರ್ಧ ಬಿಟ್ಟಳು. ಬಿಟ್ಟ ಮಾತೂ ನಮಗೆ ಕೇಳಿಸಿತು, ನಂಬಿದರೆ ನಂಬಿ. ಆಗ ಹೆದ್ದಾರಿಯ ಆ ತುದಿಯಲ್ಲಿ, ಯಾರೂ ಕರೆಸಿದ್ದಲ್ಲ, ಒಂದು ಗಾಡಿಯ ದೀಪ ಕಾಣಿಸಿತು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಮುಖ ಅರಳಿತು. ಹತ್ತಿರ ಬಂದರೆ ಯಾವುದೋ ಲಾರಿ, ನಿಲ್ಲಿಸದೆ ಹೋಯಿತು. ಎತ್ತಿದ ಕೈ ಎಷ್ಟು ನಿಧಾನವಾಗಿ ಇಳಿಯಿತೆಂದರೆ ನನಗೆ ನನ್ನಮ್ಮ ನೆನಪಾಗಿ ಅಳು ಬಂತು. ಕಟ್ ಅನ್ನೋದನ್ನೇ ರಾಯ್ಸ್ ಮರೆತ. ರೀಲು ತಾನಾಗಿಯೇ ಮುಗಿದು ಪಟಪಟ ಅಂದಾಗ ಎಲ್ಲರಿಗೂ ಎಚ್ಚರವಾಯಿತು. ಹಿಂದೆ ತಿರುಗಿ ನೋಡಿದೆ. ಅರ್ಲೀನ್ ಅರ್ಧ ಆಲೂಗಡ್ಡೆ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು.

ಮಿಸ್ ಫಾಸ್ ಆ ಸಿನಿಮಾವನ್ನು ಒಂದೇ ಸಲ ನೋಡಿದಳು, ಅರ್ಲೀನ್ ಪಕ್ಕ ಕೂತು. "ಆ ಲಾರಿ ಎಲ್ಲಿಂದ ತರಿಸಿದೆ?" ಅಂತ ಕೇಳಿದಳಂತೆ. "ಬಹಳ ಕಷ್ಟಪಟ್ಟೆ" ಅಂದಳಂತೆ ಇವಳು. ಚಳಿಗಾಲ ಮುಗಿಯುವ ಮೊದಲೇ ಆ ತಾಯಿ ಹೋದಳು.

ಮನೆ ಉಳಿಯಿತು. ರಾಯ್ಸ್ ದೊಡ್ಡವನಾದ. ದೊಡ್ಡವನಾಗಿ ಪತ್ರಿಕೆಯವರಿಗೆ ಹೇಳಿದ್ದೇನು ಗೊತ್ತಾ? "ಆ ಬೆಳಕಿಗೋಸ್ಕರ ನಾನು ಇಡೀ ಮಧ್ಯಾಹ್ನ ಕಾದೆ" ಅಂತ. ಎಲ್ಲ ಕಡೆ ಅದೇ ಬಂತು, ಕಾಲೇಜುಗಳಲ್ಲಿ ಪಾಠವೂ ಆಯಿತಂತೆ. ನಾನು ಆ ಪತ್ರಿಕೆಯನ್ನು ತಗೊಂಡು ಹೋಗಿ ಅರ್ಲೀನ್‌ಳ ಮೇಜಿನ ಮೇಲೆ ಬಿಸಾಕಿದೆ. "ಓದು ಇದನ್ನ. ನಾಚಿಕೆ ಇಲ್ವಾ ಅವನಿಗೆ?"

ಅವಳು ಕನ್ನಡಕ ಹಾಕಿಕೊಂಡು ಓದಿದಳು. "ಫೋಟೋ ಚೆನ್ನಾಗಿ ಬಂದಿದೆ."

"ನೀನು ಯಾಕೆ ಬಾಯಿ ಬಿಡಲ್ಲ ಅಂತೀನಿ."

"ಕಾದಿದ್ದು ನಿಜ ತಾನೇ ಮರ್ವ್? ಟೋಪಿ ಎಸೆದು ಕಾದ. ಬಿಡು."

ಬಿಟ್ಟಳು ಅವಳು. ನನಗೆ ಬಿಡೋಕಾಗಲಿಲ್ಲ.

ಅರ್ಲೀನ್ ಇನ್ನೂ ಎಷ್ಟೋ ಸಿನಿಮಾ ಮಾಡಿದಳು. ಯಾವುದಕ್ಕೂ ಪ್ರಶಸ್ತಿ ಬರಲಿಲ್ಲ, ಯಾವುದರಲ್ಲೂ ಯಾರೂ ಹಸಿದು ಮನೆಗೆ ಹೋಗಲಿಲ್ಲ. ಕೊನೆಗಾಲದಲ್ಲಿ ಸಿನಿಮಾದವರ ವೃದ್ಧಾಶ್ರಮದಲ್ಲಿದ್ದಳು. ನೋಡೋಕೆ ಹೋದರೆ ಅಲ್ಲೂ ಊಟದ ಸಾಲಿನ ಕೊನೆಯಲ್ಲಿ, ಊರಿ ನಡೆಯುವ ವಾಕರ್ ಹಿಡಿದುಕೊಂಡು ನಿಂತಿರುತ್ತಿದ್ದಳು. ಹೋದ ಏಪ್ರಿಲ್‌ನಲ್ಲಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಸಭಾಂಗಣದಲ್ಲಿ ಊಟ. ಒಫೇಲಿಯಾಗೆ ಈಗ ನಿಲ್ಲೋಕಾಗಲ್ಲ, ಎತ್ತರದ ಸ್ಟೂಲಿನ ಮೇಲೆ ಕೂತು ಸೌಟು ಹಿಡಿದಿದ್ದಳು. ಲೈಲ್ ಕೋಲೂರಿಕೊಂಡು ಬಂದಿದ್ದ. ಹಳಬರೆಲ್ಲ ಸಾಲಲ್ಲಿ ನಿಂತೆವು. ಕೊನೆಗೆ ನಿಲ್ಲಬೇಕು ಅಂತ ನಾನು ಮೊದಲೇ ಅಂದುಕೊಂಡಿದ್ದೆ, ಗೋಡೆಗೆ ಬೆನ್ನು ಕೊಟ್ಟು ಕಾದೆ. ಆಗ ನನ್ನ ಹಿಂದೆ ಯಾರೋ ಬಂದು ನಿಂತರು. ರಾಯ್ಸ್. ಮೀಸೆ ಬೆಳ್ಳಗಾಗಿತ್ತು, ಕೋಟು ಬೆಲೆಬಾಳುವಂಥದ್ದು.

"ನೀನು ಮುಂದೆ ಹೋಗು ಮರ್ವ್," ಅಂದ.

"ಪತ್ರಿಕೆಯವರು ಯಾರೂ ಬಂದಿಲ್ಲ ಕಣಯ್ಯಾ," ಅಂದೆ. ಇಷ್ಟು ವರ್ಷದ ಸಿಟ್ಟು, ತಡೆಯೋಕಾಗಲಿಲ್ಲ.

"ಗೊತ್ತು," ಅಂದ. "ಮುಂದೆ ಹೋಗು."

ಹೋದೆ. ಆಲೂಗಡ್ಡೆ ಹಾಕಿಸಿಕೊಂಡು ಬಂದು ಕೂತೆ. ಸಾಲಿನಲ್ಲಿ ಉಳಿದವನು ರಾಯ್ಸ್ ಒಬ್ಬನೇ. ಖಾಲಿ ತಟ್ಟೆ ಎತ್ತಿಕೊಂಡ. ಮೊದಲ ಪಾತ್ರೆಯ ಮುಚ್ಚಳ ತೆರೆದ, ನೋಡಿದ, ಮುಚ್ಚಿದ.

"ಏನು ಹಾಕ್ಲಿ?" ಅಂದಳು ಒಫೇಲಿಯಾ.

"ಅದೇ ನೋಡ್ತಿದೀನಿ. ಈ ಸಾರಲ್ಲಿ ಏನಿದೆ?"

ತಿನ್ನುತ್ತಿದ್ದವರೆಲ್ಲ ಆ ಕಡೆ ತಿರುಗಿದೆವು. ಒಫೇಲಿಯಾ ಅವನ ಮುಖ ನೋಡಿದಳು. ಆಮೇಲೆ ಸೌಟು ಕೆಳಗಿಟ್ಟಳು.

"ಗೋಮಾಂಸ, ಈರುಳ್ಳಿ."

"ಮತ್ತೆ?"

"ಮತ್ತೆ ಏನು, ನೀರು."

"ಹೂಂ," ಅಂದ ರಾಯ್ಸ್. ಮುಚ್ಚಳ ಮುಚ್ಚಿ ಮುಂದಿನದು ತೆರೆದ. ಕ್ಯಾರೆಟ್ಟು. ಅದನ್ನೂ ಮುಚ್ಚಿ, ಕೈ ತೊಳೆದು ಬರುತ್ತೇನೆ ಅಂತ ಹೋದ. ನಮ್ಮ ಮುಂದೆಯೇ ಹಾದು ಹೋದ, ಕಣ್ಣು ಒರೆಸಿಕೊಳ್ಳಲಿಲ್ಲ. ಬಂದು ಮತ್ತೆ ಮೊದಲಿನಿಂದ ಶುರು ಮಾಡಿದ.

ಲೈಲ್ ಅಭ್ಯಾಸಬಲದಿಂದ ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಒಂದು ಸಲ ನೋಡಿ ಜೇಬಿಗೆ ಹಾಕಿಕೊಂಡ. ಕಿಟಕಿಯಾಚೆ ಬಿಸಿಲು ಹಳದಿಯಾಗುತ್ತಿತ್ತು, ನಮ್ಮಲ್ಲಿ ಕೆಲವರು ತುಂಬಾ ದೂರ ಹೋಗಬೇಕಿತ್ತು. ರಾಯ್ಸ್ ತಟ್ಟೆ ಹಿಡಿದುಕೊಂಡು ಬೀನ್ಸಿನ ಮುಂದೆ ನಿಂತಿದ್ದ. ನಾವ್ಯಾರೂ ಏಳಲಿಲ್ಲ.